ದಕ್ಷಿಣೆಯಿಲ್ಲದ ಯಜ್ಞ

ಕಲೆಗಾಗಿ ಸರ್ವಸ್ವವನ್ನೂ ತೆತ್ತವನನ್ನು ಲೋಕವು ಕೊಂಡಾಡುವುದು ಸಹಜ. ಆದರೆ ಆ ಸರ್ವಸ್ವದಲ್ಲಿ ಅವನ ಸ್ವಂತದ್ದು ಎಷ್ಟು, ಅನ್ಯರದು ಎಷ್ಟು ಎಂಬ ಲೆಕ್ಕವನ್ನು ಕೇಳುವವರು ವಿರಳ. ಈ ಪ್ರಶ್ನೆಯು ಎಲ್ಲ ಕಲೆಗಳಿಗೂ ಸಂಬಂಧಿಸಿದುದೇ ಆದರೂ, ಅಲ್ಪದ್ರವ್ಯದಿಂದ ಸ್ವತಂತ್ರವಾಗಿ ಚಲಚ್ಚಿತ್ರಗಳನ್ನು ನಿರ್ಮಿಸಹೊರಟವರ ವಿಷಯದಲ್ಲಿ ಅತ್ಯಂತ ತೀಕ್ಷ್ಣವಾಗಿ ಎದುರು ನಿಲ್ಲುತ್ತದೆ. ಕವಿಗೆ ಒಂದು ಲೇಖನಿಯೂ ನಾಲ್ಕು ಹಾಳೆ ಕಾಗದವೂ ಸಾಕು; ಕಾವ್ಯವು ಕೆಟ್ಟರೆ ಕೆಟ್ಟುದು ಅವನ ಇರುಳಿನ ನಿದ್ರೆ ಮಾತ್ರ. ಗಾಯಕನಿಗೆ ಶ್ರುತಿಯೊಂದಿದ್ದರೆ ಕಂಠವು ತನ್ನದೇ. ಚಲಚ್ಚಿತ್ರವಾದರೋ ಒಬ್ಬನಿಂದ ಆಗತಕ್ಕುದಲ್ಲ. ಛಾಯಾಗ್ರಾಹಕನು, ಶಬ್ದಗ್ರಾಹಕನು, ನಟನಟಿಯರು, ದೀಪ ಹಿಡಿಯುವವನು, ಬಣ್ಣ ಹಚ್ಚುವವನು, ಅಡಿಗೆಯವನು, ವಾಹನ ನಡೆಸುವವನು ಎಲ್ಲರೂ ಕೂಡಿದರೆ ಮಾತ್ರ ಒಂದು ದಿನದ ಕೆಲಸವು ನಡೆದೀತು. ಆದುದರಿಂದ ಇಲ್ಲಿ ಬಡವನು ತನ್ನ ಬಡತನವನ್ನು ತಾನೊಬ್ಬನೇ ಉಣ್ಣಲಾರನು. ಅದನ್ನು ಹತ್ತು ಜನರಿಗೆ ಬಡಿಸಿಯೇ ಬಡಿಸುವನು. ಹಾಗೆ ಬಡಿಸಲು ಅವನಿಗೆ ಅಧಿಕಾರವೆಷ್ಟು ಎಂಬುದೇ ಈ ಲೇಖನದ ವಿಚಾರ.

ಸ್ವತಂತ್ರ ಚಿತ್ರವೆಂದರೆ ದೊಡ್ಡ ನಿರ್ಮಾಣಸಂಸ್ಥೆಗಳ ಬಂಡವಾಳವನ್ನಾಗಲಿ ಅವುಗಳ ಆಜ್ಞೆಯನ್ನಾಗಲಿ ಆಶ್ರಯಿಸದೆ, ತಾನು ಹೇಳಬೇಕೆಂದುದನ್ನು ಹೇಳುವುದಕ್ಕಾಗಿ ಒಬ್ಬನು ಸಾಲಸೋಲ ಮಾಡಿ ತೆಗೆದ ಚಿತ್ರವೆಂದು ಸ್ಥೂಲವಾಗಿ ತಿಳಿಯಬಹುದು. ಇದರ ಜೊತೆಗೆ, ದೂರದರ್ಶನದ ಧಾರಾವಾಹಿಗಳ ಕ್ಷೇತ್ರದಲ್ಲಿ 'ಪೈಲಟ್' ಎಂಬುದೊಂದುಂಟು. ಧಾರಾವಾಹಿಯನ್ನು ಕೊಳ್ಳತಕ್ಕವರಿಗೆ ತೋರಿಸುವುದಕ್ಕೆಂದು ಮುಂಚಿತವಾಗಿ ತಯಾರಿಸಿದ ಮಾದರಿ ಕಂತಿಗೆ ಈ ಹೆಸರು. ಸ್ಥಾಲೀಪುಲಾಕನ್ಯಾಯದಂತೆ ಒಂದಗುಳನ್ನು ಹಿಸುಕಿ ನೋಡಿ ಅನ್ನದ ಪಾಕವನ್ನು ನಿಶ್ಚಯಿಸುವ ಕ್ರಮವಿದು. ಒಪ್ಪಿಗೆಯಾದರೆ ಸರಿ; ಬೇಡವೆಂದರೆ, ಸ್ವಂತ ಹಣದಿಂದ ಮಾಡಿದವನಿಗೆ ಆ ಅಗುಳನ್ನು ಬೇಯಿಸಿದ ಸೌದೆಯ ಬೆಲೆಯೂ ಹುಟ್ಟುವುದಿಲ್ಲ. ಚಿತ್ರವಾಗಲಿ ಮಾದರಿ ಕಂತಾಗಲಿ, ಮೊದಲು ವೆಚ್ಚ, ಆಮೇಲೆ ಸಂದೇಹ, ಕಟ್ಟಕಡೆಗೆ, ಭಾಗ್ಯವಿದ್ದರೆ, ಫಲ.

ಇದು ಹೊಸ ಸಂಕಟವೇನೂ ಅಲ್ಲ. ನಮ್ಮ ದೇಶದ ಮೊದಲನೆಯ ಪೂರ್ಣಪ್ರಮಾಣದ ಕಥಾಚಿತ್ರವೆಂದು ಪ್ರಸಿದ್ಧವಾದ 'ರಾಜಾ ಹರಿಶ್ಚಂದ್ರ'ವು ಹುಟ್ಟಿದುದೇ ಹೀಗೆ. ದಾದಾಸಾಹೇಬ ಫಾಲ್ಕೆಯವರು ತಮ್ಮ ವಿಮೆಯ ಪತ್ರಗಳನ್ನು ಒತ್ತೆಯಿಟ್ಟು 1912ರಲ್ಲಿ ಲಂಡನ್ನಿಗೆ ಹೋಗಿ ಯಂತ್ರವನ್ನು ತಂದರು. ಬಂಡವಾಳ ಹಾಕತಕ್ಕವರಿಗೆ ನಂಬಿಕೆ ಹುಟ್ಟಬೇಕಲ್ಲ! ಅದಕ್ಕಾಗಿ ಕುಂಡದಲ್ಲಿ ಬಟಾಣಿಯ ಬೀಜವನ್ನು ಬಿತ್ತಿ, ಅದು ಮೊಳೆತು ಬಳ್ಳಿಯಾಗಿ ಬೆಳೆಯುವುದನ್ನು ಹಲವು ದಿನ ಬಿಡಿಬಿಡಿಯಾಗಿ ಚಿತ್ರಿಸಿ, ಒಂದು ಕಿರುಚಿತ್ರವಾಗಿ ತೋರಿಸಿದರು. ಇಂದಿನವರು ಪೈಲಟ್ ಎಂದು ಕರೆಯುವುದರ ಮೂಲಪುರುಷ ಈ ಬಟಾಣಿಯ ಮೊಳಕೆಯೇ ಎನ್ನಲಡ್ಡಿಯಿಲ್ಲ. ಅದರಿಂದ ಸ್ವಲ್ಪ ಹಣ ಒದಗಿತು. ಮಿಕ್ಕುದಕ್ಕೆ ಧರ್ಮಪತ್ನಿಯಾದ ಸರಸ್ವತೀಬಾಯಿಯವರ ಒಡವೆಗಳು ಹೋದುವು. ಆಕೆ ಕೊಟ್ಟುದು ಒಡವೆಗಳನ್ನು ಮಾತ್ರವಲ್ಲ. ಹಗಲೆಲ್ಲ ಇಡೀ ತಂಡಕ್ಕೆ ಅಡಿಗೆ ಮಾಡಿ ಬಡಿಸುವುದು, ರಾತ್ರಿ ಕತ್ತಲೆಯಲ್ಲಿ ಕುಳಿತು ಫಿಲ್ಮಿನ ಸುರುಳಿಗೆ ರಂಧ್ರಗಳನ್ನು ಹೊಡೆಯುವುದು, ಅದನ್ನು ಸಂಸ್ಕರಿಸುವುದರಲ್ಲಿ ನೆರವಾಗುವುದು, ಇದು ಆಕೆಯ ದಿನಚರಿ. ಸ್ತ್ರೀಪಾತ್ರಕ್ಕೆ ಯಾವ ಹೆಂಗಸೂ ಒಪ್ಪದಿರಲು, ಉಪಾಹಾರಗೃಹವೊಂದರಲ್ಲಿ ಕೆಲಸಕ್ಕಿದ್ದ ಸಾಳುಂಕೆ ಎಂಬಾತನು ತಾರಾಮತಿಯಾದನು. ರೋಹಿತಾಶ್ವನಾದವನು ಫಾಲ್ಕೆಯವರ ಸ್ವಂತ ಮಗ. 1913ರ ಮೇ 3ರಂದು ಮುಂಬಯಿಯ ಕಾರೋನೇಷನ್ ಚಿತ್ರಮಂದಿರದಲ್ಲಿ ಚಿತ್ರವು ಸಾರ್ವಜನಿಕರೆದುರಿಗೆ ಬಂದಿತು.

ಇಲ್ಲಿ ಕಥಾವಸ್ತುವಿಗೂ ಕಥೆಯನ್ನು ಚಿತ್ರಿಸಿದವರ ಸಂಸಾರಕ್ಕೂ ಇರುವ ಸಾದೃಶ್ಯವು ವಾಚಕರಿಗೆ ಹೊಳೆಯದೆ ಇರದು. ಹರಿಶ್ಚಂದ್ರನು ಸತ್ಯಕ್ಕಾಗಿ ರಾಜ್ಯಕೋಶಗಳನ್ನು ಬಿಟ್ಟನು. ಅವು ಅವನವು, ಬಿಡಲು ಅವನಿಗೆ ಅಧಿಕಾರವಿತ್ತು. ತನ್ನನ್ನು ತಾನು ಮಾರಿಕೊಂಡನು, ಅದಕ್ಕೂ ಆಕ್ಷೇಪವಿಲ್ಲ. ಆದರೆ ಮಡದಿಯನ್ನು ಮಾರಿದನಲ್ಲ! ಮಾರ್ಕಂಡೇಯ ಪುರಾಣದ ಕರ್ತೃವಿಗೆ ಈ ಸಂದೇಹವು ಬಾಧಿಸಿರಬೇಕು; ಆದುದರಿಂದಲೇ ಅಲ್ಲಿ ರಾಣಿಯು ತಾನಾಗಿಯೇ ತನ್ನನ್ನು ಮಾರೆಂದು ಪತಿಗೆ ಹೇಳುತ್ತಾಳೆ. ಒಳ್ಳೆಯದು, ರಾಣಿಯ ಸಮ್ಮತಿ ದೊರೆಯಿತು. ಬಾಲಕನಾದ ರೋಹಿತನನ್ನು ಕೇಳಿದವರು ಯಾರು? ರಾಘವಾಂಕನನ್ನು ಬಾಲ್ಯದಿಂದ ಓದಿಕೊಂಡು ಬಂದ ನಾವು ಚಂದ್ರಮತಿಯ ಪ್ರಲಾಪಕ್ಕೆ ಕಣ್ಣೀರಿಡುತ್ತೇವೆ. ಆದರೆ ಪರರ ಸತ್ಯಕ್ಕೆ ಬೆಲೆಯಾಗಿ ಹೋದವನ ಪಕ್ಷದಲ್ಲಿ ನಿಂತು ಒಂದು ಪ್ರಶ್ನೆಯನ್ನು ಕೇಳುವುದಿಲ್ಲ. ಕಥೆಯ ಅಂತ್ಯದಲ್ಲಿ ದೇವತೆಗಳು ಬಂದು ಎಲ್ಲವನ್ನೂ ಹಿಂದಿರುಗಿಸುವರು. ಆದುದರಿಂದ ಕೇಳುವ ಪ್ರಮೇಯವೂ ಬೀಳಲಿಲ್ಲ. ಲೋಕವ್ಯವಹಾರದಲ್ಲಿ ದೇವತೆಗಳು ಹಾಗೆ ಬರುವುದು ಅಪರೂಪ.

ಒಮ್ಮೊಮ್ಮೆ ಬರುವುದೂ ಉಂಟು. ಸತ್ಯಜಿತ್ ರಾಯರು 'ಪಥೇರ್ ಪಾಂಚಾಲಿ'ಯ ಚಿತ್ರಣವನ್ನು 1952ರ ಅಕ್ಟೋಬರ್ 27ರಂದು ಪ್ರಾರಂಭಿಸಿದರು. ಜಾಹೀರಾತಿನ ಕಚೇರಿಯೊಂದರಲ್ಲಿ ಅವರು ಉದ್ಯೋಗಸ್ಥರು. ರಜೆಯ ದಿನಗಳಲ್ಲಿ ಮಾತ್ರ ಈ ಕೆಲಸ. ಛಾಯಾಗ್ರಾಹಕರಾದ ಸುಬ್ರತ ಮಿತ್ರರು ಆವರೆಗೆ ಚಲಚ್ಚಿತ್ರದ ಯಂತ್ರವನ್ನು ನಡೆಸಿದವರೇ ಅಲ್ಲ. ಮೊದಲ ದಿನ ಕಾಶಪುಷ್ಪಗಳ ಬಯಲಿನಲ್ಲಿ ಸ್ವಲ್ಪ ಭಾಗವನ್ನು ತೆಗೆದು, ಮುಂದಿನ ವಾರ ಹೋಗಿ ನೋಡಿದರೆ ದನಗಳು ಹೂಗಳನ್ನೆಲ್ಲ ಮೇದುಬಿಟ್ಟಿದ್ದುವು. ಉಳಿದುದಕ್ಕೆ ಮತ್ತೊಂದು ಶರತ್ಕಾಲದವರೆಗೆ ಕಾಯಬೇಕಾಯಿತು. ವಿಮೆಯ ಹಣ ಮುಗಿಯಿತು, ಪ್ರಿಯವಾದ ಸಂಗೀತದ ತಟ್ಟೆಗಳು ಮಾರಾಟವಾದುವು, ಪತ್ನಿಯಾದ ವಿಜಯಾ ರಾಯರ ಒಡವೆಗಳು ಇಲ್ಲಿಯೂ ಒತ್ತೆಗೆ ಹೋದುವು, ಕೆಲಸವು ತಿಂಗಳುಗಟ್ಟಲೆ ನಿಂತಿತು. ಕೊನೆಗೆ ಪಶ್ಚಿಮ ಬಂಗಾಳದ ಸರಕಾರವು ಹಣವನ್ನೊದಗಿಸಿತು. ಚಿತ್ರದ ಹೆಸರಿನಲ್ಲಿ 'ಪಥ'ವಿದ್ದುದರಿಂದಲೋ ಏನೋ, ಆ ಮೊತ್ತವನ್ನು ರಸ್ತೆಯ ಸುಧಾರಣೆಯ ಬಾಬಿನಲ್ಲಿ ಬರೆದರೆಂದು ಪ್ರಸಿದ್ಧಿ. 1955ರಲ್ಲಿ ಚಿತ್ರವು ಬಿಡುಗಡೆಯಾಗಿ, ಮರುವರ್ಷ ಕ್ಯಾನ್ ಚಿತ್ರೋತ್ಸವದಲ್ಲಿ ಪುರಸ್ಕೃತವಾಯಿತು.

ಈ ಬಗೆಯ ವೃತ್ತಾಂತಗಳನ್ನು ಓದಿದ ತರುಣರು ಒಂದು ಪೂರ್ವಪಕ್ಷವನ್ನು ಮುಂದಿಡುತ್ತಾರೆ: 'ಫಲವನ್ನು ನೋಡಿರಿ. ಒಡವೆಗಳನ್ನು ಉಳಿಸಿಕೊಂಡಿದ್ದರೆ ಈ ಕೃತಿಗಳೇ ಇರುತ್ತಿರಲಿಲ್ಲ. ಆದುದರಿಂದ ನಾವೂ ಹಾಗೆಯೇ ಮಾಡುವುದು ಯುಕ್ತ.' ಇದಕ್ಕೆ ಸಮಾಧಾನವು ಸುಲಭ. ಫಲಿಸಿದ ಮರಗಳನ್ನು ಮಾತ್ರ ಎಣಿಸಿ ಕೃಷಿಯ ಲಾಭವನ್ನು ಹೇಳುವುದು ತರ್ಕವಲ್ಲ. ಒಡವೆಗಳನ್ನು ಒತ್ತೆಯಿಟ್ಟು ತೆಗೆದು, ಅರ್ಧದಲ್ಲಿ ನಿಂತ ಚಿತ್ರಗಳ ಹೆಸರು ನಮಗೆ ಗೊತ್ತಿಲ್ಲ; ಗೊತ್ತಿಲ್ಲದಿರುವುದೇ ಅವುಗಳ ಗತಿ. ಅಲ್ಲಿಯ ಸರಸ್ವತೀಬಾಯಿಯರ ಚರಿತ್ರೆಯನ್ನು ಬರೆಯುವವರಿಲ್ಲ. ಇನ್ನೂ ಮುಖ್ಯವಾದ ಮಾತು: ಕರ್ಮದ ಯುಕ್ತಾಯುಕ್ತತೆಯನ್ನು ಕರ್ಮದ ಕಾಲದಲ್ಲಿ ನಿರ್ಣಯಿಸಬೇಕಲ್ಲದೆ, ಮೂರು ವರ್ಷಗಳ ಮೇಲೆ ಬರಬಹುದಾದ ಪಾರಿತೋಷಕದಿಂದ ನಿರ್ಣಯಿಸಲಾಗದು. ಫಲವು ಬಂದರೆ ತ್ಯಾಗ, ಬಾರದಿದ್ದರೆ ದ್ರೋಹ ಎಂದಾದರೆ ಧರ್ಮವು ಜೂಜಾಗಿ ಪರಿಣಮಿಸುವುದು.

ಎರಡನೆಯ ಪೂರ್ವಪಕ್ಷವು ಇದಕ್ಕಿಂತ ಬಲವಾದುದು. 'ನಾವು ಯಾರನ್ನೂ ಬಲವಂತಪಡಿಸಿಲ್ಲ. ಸ್ನೇಹಿತರು ಸ್ವಸಂತೋಷದಿಂದ ಬಂದು ದುಡಿದರು. ತಾಯಿತಂದೆಗಳು ಮನಃಪೂರ್ವಕವಾಗಿ ಕೊಟ್ಟರು. ಸಮ್ಮತಿಯಿರುವಲ್ಲಿ ದೋಷವೆಲ್ಲಿ?' ಎಂದು ಕೇಳುತ್ತಾರೆ. ಸಮ್ಮತಿಯು ದೊಡ್ಡ ವಸ್ತುವೇ ಸರಿ. ಆದರೆ ತಿಳಿದು ಕೊಟ್ಟ ಸಮ್ಮತಿ ಬೇರೆ, ಪ್ರೀತಿಯಿಂದ ಕೇಳದೆಯೇ ಕೊಟ್ಟ ಸಮ್ಮತಿ ಬೇರೆ. ಹಳೆಯ ಶಿಷ್ಯನೊಬ್ಬನ ತಾಯಿಯು ಒಮ್ಮೆ ನನ್ನೊಡನೆ ಆಡಿದ ಮಾತು ಇಲ್ಲಿ ನೆನಪಿಗೆ ಬರುತ್ತದೆ. ಮಗನ ಚಿತ್ರಕ್ಕಾಗಿ ಆಕೆ ಕೈಬಳೆಗಳನ್ನು ಬಿಚ್ಚಿಕೊಟ್ಟಿದ್ದಳು. ಚಿತ್ರವು ಅರ್ಧಕ್ಕೆ ನಿಂತಿತ್ತು. "ಬಳೆ ಹೋದದ್ದಕ್ಕೆ ದುಃಖವಿಲ್ಲ, ಮೇಷ್ಟ್ರೇ. ನಿಂತುಹೋಯಿತು ಅಂತ ಎರಡು ವರ್ಷ ನನಗೆ ಹೇಳಲೇ ಇಲ್ಲವಲ್ಲ. ಕೇಳಿದಾಗಲೆಲ್ಲ 'ಇನ್ನೇನು ಮುಗೀತಮ್ಮ' ಅಂತಿದ್ದ. ಅದು ದುಃಖ" ಎಂದಳು. ಆ ಮಾತೃಹೃದಯವು ಬಳೆಗಳ ಲೆಕ್ಕವನ್ನು ಕೇಳಲಿಲ್ಲ, ಸತ್ಯದ ಲೆಕ್ಕವನ್ನು ಕೇಳಿತು. ಹುಡುಗನು ದುಷ್ಟನೇನೂ ಅಲ್ಲ, ನಾಚಿಕೆಯಿಂದ ಮುಚ್ಚಿಟ್ಟನು. ಆದರೂ, ಹರಿಶ್ಚಂದ್ರನು ಸತ್ಯಕ್ಕಾಗಿ ಮನೆಯವರನ್ನು ಕಳೆದುಕೊಂಡರೆ, ಇಲ್ಲಿ ಚಿತ್ರಕ್ಕಾಗಿ ಮನೆಯವರೆದುರಿನ ಸತ್ಯವೇ ಹೋಯಿತಲ್ಲ!

ಈ ಕ್ಷೇತ್ರದಲ್ಲಿ ಹಣವು ಹರಿಯುವ ದಾರಿಯನ್ನು ಗಮನಿಸಿದರೆ ಇನ್ನೊಂದು ವಿಷಯವು ಸ್ಪಷ್ಟವಾಗುವುದು. ಹಿಂದೆ ಫಿಲ್ಮಿನ ಸುರುಳಿಯ ಮೇಲೆಯೇ ಚಿತ್ರಗಳನ್ನು ತೆಗೆಯುತ್ತಿದ್ದ ಕಾಲದಲ್ಲಿ, 35 ಮಿಲಿಮೀಟರಿನ ಸುರುಳಿಯು ಒಂದು ನಿಮಿಷಕ್ಕೆ 90 ಅಡಿಯಂತೆ ಓಡುತ್ತಿತ್ತು. ಎರಡು ಗಂಟೆಯ ಚಿತ್ರಕ್ಕೆ 10,800 ಅಡಿ. ಕೆಟ್ಟುದು, ಬಿಟ್ಟುದು ಸೇರಿದರೆ ಅದರ ಹಲವು ಪಾಲು. ಸುರುಳಿ ಮಾರುವವನು ಸ್ನೇಹಕ್ಕಾಗಿ ಕೊಡುತ್ತಿರಲಿಲ್ಲ. ಅದನ್ನು ಸಂಸ್ಕರಿಸುವ ಪ್ರಯೋಗಶಾಲೆಯವರು ಹಣ ಬಾರದೆ ಮೂಲಪ್ರತಿಯನ್ನು ಬಿಡುತ್ತಿರಲಿಲ್ಲ. ಆದುದರಿಂದ ಇದ್ದ ಅಲ್ಪಸ್ವಲ್ಪ ಹಣವೆಲ್ಲ ಕಾಯಲಾರದವರ ಪಾಲಿಗೂ, ಹಣವಿಲ್ಲದಿರುವಿಕೆಯೆಲ್ಲ ಕಾಯಬಲ್ಲವರ ಪಾಲಿಗೂ ಹೋಯಿತು. ಕಾಯಬಲ್ಲವರು ಯಾರು? ಸ್ನೇಹಿತರು, ಹೆಂಡತಿ, ತಾಯಿ. ಇಂದು ಸುರುಳಿಯ ಅವಶ್ಯಕತೆ ತಪ್ಪಿದೆ. 2015ರಲ್ಲಿ ಬಂದ ಅಮೆರಿಕದ 'ಟ್ಯಾಂಜರೀನ್' ಎಂಬ ಚಿತ್ರವನ್ನು ಮೊಬೈಲ್ ಫೋನುಗಳಿಂದಲೇ ತೆಗೆದರು. ಇದರಿಂದ ಬಡವನಿಗೆ ಬಾಗಿಲು ತೆರೆಯಿತೆಂಬುದು ನಿಜ. ಆದರೆ ಜಡವಸ್ತುಗಳ ವೆಚ್ಚವು ಇಳಿದಂತೆಲ್ಲ, ಉಳಿಸಲು ಉಳಿದುದು ಮನುಷ್ಯನ ವೆಚ್ಚವೊಂದೇ. ಯಾರಿಗೆ ನಮ್ಮ ಮೇಲೆ ಪ್ರೀತಿ ಹೆಚ್ಚೋ ಅವರಿಗೆ ನಮ್ಮಿಂದ ನಷ್ಟವೂ ಹೆಚ್ಚು ಎಂಬುದು ಈ ವ್ಯವಹಾರದ ಗುಟ್ಟಾದ ನಿಯಮ.

ಹಾಗಾದರೆ ಧನವಿಲ್ಲದವನು ಚಿತ್ರವನ್ನೇ ತೆಗೆಯಬಾರದೋ? ಹಾಗೆ ಹೇಳಿದರೆ ಕಲೆಯನ್ನೆಲ್ಲ ಧನಿಕರ ಮನೆಯ ಕೀಲಿಕೈಗೆ ಕಟ್ಟಿದಂತಾಗುವುದು. ಅದು ನನ್ನ ಅಭಿಪ್ರಾಯವಲ್ಲ. ಇಲ್ಲಿ ನಮ್ಮ ಮೀಮಾಂಸಕರು ಮಾಡಿದ ಒಂದು ವಿವೇಚನೆಯು ತುಂಬ ಉಪಯುಕ್ತವಾಗಿದೆ. ಯಜ್ಞದಲ್ಲಿ ಯಜಮಾನನು ಒಬ್ಬ, ಕೆಲಸ ಮಾಡುವ ಋತ್ವಿಜರು ಹಲವರು. ಹವಿಸ್ಸನ್ನು ಹಾಕುವ ಕೈ ಅವರದು, ಮಂತ್ರ ಹೇಳುವ ಕಂಠ ಅವರದು. ಆದರೂ ಫಲವು ಯಜಮಾನನಿಗೆ. ಹೇಗೆ? ಅವನು ದಕ್ಷಿಣೆಯನ್ನು ಕೊಟ್ಟಿರುವುದರಿಂದ. ಆ ದಕ್ಷಿಣೆಯು ದಾನವಲ್ಲ, ಉಪಕಾರವಲ್ಲ. ಅದು ಪರಿಕ್ರಯ, ಎಂದರೆ ಅವರ ಶ್ರಮಕ್ಕೆ ಸಲ್ಲಲೇಬೇಕಾದ ಮೂಲ್ಯ. ಅನ್ನದಾನವೂ ದಕ್ಷಿಣೆಯೂ ಇಲ್ಲದ ಯಜ್ಞವನ್ನು ಗೀತೆಯ ಹದಿನೇಳನೆಯ ಅಧ್ಯಾಯವು ತಾಮಸವೆಂದು ಎಣಿಸುತ್ತದೆ. ಇನ್ನೊಂದು ವಿಧವಾದ ಯಾಗವುಂಟು. ಅದರ ಹೆಸರು ಸತ್ರ. ಅದರಲ್ಲಿ ದಕ್ಷಿಣೆಯಿಲ್ಲ. ಏಕೆಂದರೆ ಅಲ್ಲಿ ಋತ್ವಿಜರೆಲ್ಲರೂ ತಾವೇ ಯಜಮಾನರು. ವೆಚ್ಚವೂ ಎಲ್ಲರದು, ಫಲವೂ ಎಲ್ಲರದು. ಮೂರನೆಯ ಮಾರ್ಗವನ್ನು ಅವರು ಹೇಳಲಿಲ್ಲ.

ನಮ್ಮ ಪ್ರಶ್ನೆಗೆ ಸಿದ್ಧಾಂತವು ಇಲ್ಲಿಯೇ ಇದೆಯೆಂದು ನನ್ನ ಬುದ್ಧಿಗೆ ತೋರುತ್ತದೆ. ಚಿತ್ರವು ತನ್ನದೆನ್ನುವವನು ದಕ್ಷಿಣೆಯನ್ನು ಕೊಡಬೇಕು. ದಕ್ಷಿಣೆ ಕೊಡಲಾರದವನು ಚಿತ್ರವನ್ನು ಎಲ್ಲರದನ್ನಾಗಿ ಮಾಡಬೇಕು. ಜನರನ್ನು ಕರೆಯುವಾಗ 'ಇದು ನಮ್ಮೆಲ್ಲರ ಚಿತ್ರ' ಎಂದು ಸತ್ರದ ಮಾತನ್ನಾಡಿ, ಹೆಸರೂ ಹಣವೂ ಬರುವ ವೇಳೆಗೆ 'ಇದು ನನ್ನ ಚಿತ್ರ' ಎಂದು ಯಜ್ಞದ ಮಾತನ್ನಾಡುವುದೇ ಅಧರ್ಮ. ಬಡತನವು ದೋಷವಲ್ಲ, ಈ ಮಾತಿನ ಬದಲಾವಣೆಯು ದೋಷ.

ಸತ್ರದ ಮಾರ್ಗವು ಬರಿಯ ಕಲ್ಪನೆಯಲ್ಲ. ಶ್ಯಾಮ್ ಬೆನೆಗಲ್ಲರ 'ಮಂಥನ'ಕ್ಕೆ (1976) ಗುಜರಾತಿನ ಐದು ಲಕ್ಷ ಹೈನುಗಾರರು ತಲೆಗೆ 2 ರೂಪಾಯಿಯಂತೆ ಕೊಟ್ಟರು. ಅವರ ಬಾಳನ್ನೇ ಕುರಿತ ಆ ಚಿತ್ರಕ್ಕೆ ನಿರ್ಮಾಪಕರು ಅವರೇ ಎಂದು ತೆರೆಯ ಮೇಲೆ ಬರೆಯಲಾಯಿತು. ಬಂಡಿಬಂಡಿಯಾಗಿ ಬಂದು ತಮ್ಮ ಚಿತ್ರವನ್ನು ತಾವೇ ನೋಡಿ ಹೋದರು. ಕೇರಳದಲ್ಲಿ ಜಾನ್ ಅಬ್ರಹಾಮರೂ ಅವರ 'ಒಡೆಸ್ಸಾ' ಕೂಟದವರೂ ಊರೂರು ತಿರುಗಿ ಜನರಿಂದ ಕೂಡಿಸಿದ ಹಣದಲ್ಲಿ 'ಅಮ್ಮ ಅರಿಯಾನ್' (1986) ಚಿತ್ರವನ್ನು ತೆಗೆದು, ಅದೇ ಜನರ ಬಳಿಗೆ ಕೊಂಡೊಯ್ದು ತೋರಿಸಿದರು. ಕನ್ನಡದಲ್ಲಿ 2013ರ 'ಲೂಸಿಯಾ' ಚಿತ್ರವು ಪ್ರೇಕ್ಷಕರಿಂದಲೇ ಕೂಡಿಸಿದ ಹಣದಿಂದ ಆದುದು. ಅದಕ್ಕೂ ಬಹಳ ಮುಂಚೆ, 1970ರ 'ಸಂಸ್ಕಾರ'ವನ್ನು ಪಟ್ಟಾಭಿರಾಮ ರೆಡ್ಡಿಯವರು ಶೃಂಗೇರಿಯ ಸಮೀಪದ ಹಳ್ಳಿಯಲ್ಲಿ ತೆಗೆದಾಗ, ಗಿರೀಶ ಕಾರ್ನಾಡ, ಲಂಕೇಶರಂಥ ಸಾಹಿತಿಗಳೇ ಬಣ್ಣ ಹಚ್ಚಿದರು. ನಿರ್ದೇಶಕರ ಪತ್ನಿ ಸ್ನೇಹಲತಾ ರೆಡ್ಡಿಯವರು ಚಂದ್ರಿಯಾದರು. ಮದರಾಸಿನ ಸೆನ್ಸಾರಿನವರು ಮೊದಲು ತಡೆದರು. ಬಳಿಕ ಅದಕ್ಕೇ ರಾಷ್ಟ್ರಪ್ರಶಸ್ತಿ ಬಂದಿತು. ಅಲ್ಲಿ ಕೂಡಿದವರು ಕೂಲಿಗಾಗಿ ಕೂಡಿದವರಲ್ಲ, ಹೇಳಬೇಕಾದ ಮಾತಿಗಾಗಿ ಕೂಡಿದವರು.

ದಕ್ಷಿಣೆಯ ಮಾರ್ಗವನ್ನು ಹಿಡಿದವನು, ದಕ್ಷಿಣೆಯೆಂದರೆ ನಾಣ್ಯವೊಂದೇ ಎಂದು ತಿಳಿಯಬಾರದು; ನಾಣ್ಯವಿಲ್ಲವೆಂದು ಬಿಡಲೂ ಬಾರದು. ಹೊತ್ತಿಗೆ ಊಟ, ರಾತ್ರಿಗೆ ನಿದ್ರೆ, ಮೈಗೆ ಅಪಾಯವಿಲ್ಲದಿರುವಿಕೆ, ಇವು ಮೊದಲನೆಯವು. ಇವನ್ನು ಕೊಡಲಾರದವನು ಅಂದಿನ ಚಿತ್ರಣವನ್ನು ನಿಲ್ಲಿಸತಕ್ಕದ್ದು. ಹಗ್ಗ ಹಿಡಿದವನ ಹೆಸರನ್ನೂ ಚಿತ್ರದಲ್ಲಿ ಬರೆಯುವುದು ಎರಡನೆಯದು. ಬರಬೇಕಾದ ಕೂಲಿಯನ್ನು ಕಾಗದದಲ್ಲಿ ಬರೆದುಕೊಟ್ಟು, ಹಣ ಬಂದಾಗ ಮೊದಲು ತೀರಿಸುವುದು ಮೂರನೆಯದು. ಕೆಲಸವು ನಿಂತರೆ ನಿಂತಿತೆಂದು ಹೇಳುವುದು ನಾಲ್ಕನೆಯದು. ಇದಕ್ಕೆ ಬಿಡಿಕಾಸೂ ಬೇಡ, ಆದರೂ ಇದೇ ಎಲ್ಲಕ್ಕಿಂತ ದುಬಾರಿ. 'ಪಥೇರ್ ಪಾಂಚಾಲಿ'ಯ ಮುದುಕಿಯ ಪಾತ್ರವನ್ನು ವಹಿಸಿದ ಚುನೀಬಾಲಾ ದೇವಿಯವರು ಚಿತ್ರವು ಬಿಡುಗಡೆಯಾಗುವವರೆಗೆ ಬದುಕಲಾರರೆಂದು ತೋರಲು, ರಾಯರು ಯಂತ್ರವನ್ನು ಆಕೆಯ ಮನೆಗೇ ಕೊಂಡೊಯ್ದು ಚಿತ್ರವನ್ನು ತೋರಿಸಿದರಂತೆ. ಬಿಡುಗಡೆಗೆ ಮುಂಚೆ ಆಕೆ ತೀರಿಕೊಂಡರು. ಹಣದಲ್ಲಿ ಅಳೆಯಲಾಗದ ದಕ್ಷಿಣೆಯೆಂದರೆ ಇದು.

ಕಣ್ಣೆದುರಿಗಿಲ್ಲದವರ ಋಣವೂ ಋಣವೇ. ಅಮೆರಿಕದ ಚಾರ್ಲ್ಸ್ ಬರ್ನೆಟ್ಟರು ವಿದ್ಯಾರ್ಥಿಯಾಗಿದ್ದಾಗ, ವಾರದ ಕೊನೆಯ ದಿನಗಳಲ್ಲಿ, ಹತ್ತು ಸಾವಿರ ಡಾಲರಿಗೂ ಕಡಿಮೆ ವೆಚ್ಚದಲ್ಲಿ 'ಕಿಲ್ಲರ್ ಆಫ್ ಶೀಪ್' ಎಂಬ ಉತ್ತಮ ಚಿತ್ರವನ್ನು ತೆಗೆದರು. ಅದರಲ್ಲಿ ಸೇರಿದ್ದ ಹಾಡುಗಳಿಗೆ ಹಕ್ಕುದಾರರ ಅನುಮತಿಯನ್ನು ಕೊಂಡಿರಲಿಲ್ಲ. 1970ರ ದಶಕದ ಆ ಚಿತ್ರವು ಚಿತ್ರಮಂದಿರಗಳಿಗೆ ಕ್ರಮವಾಗಿ ಬಂದುದು 2007ರಲ್ಲಿ. ಹಾಡುಗಳ ಹಕ್ಕಿಗೆ ತೆತ್ತ ಹಣವು ಚಿತ್ರದ ವೆಚ್ಚದ ಎಷ್ಟೋ ಪಾಲು. ಮರೆತ ದಕ್ಷಿಣೆಯು ಮೂವತ್ತು ವರ್ಷ ಬಾಗಿಲಲ್ಲಿ ಕುಳಿತಿತ್ತು.

ಸಮ್ಮತಿಯಿದ್ದರೂ ತೆಗೆದುಕೊಳ್ಳಬಾರದ ವಸ್ತುಗಳು ಕೆಲವುಂಟೆಂಬುದನ್ನೂ ಹೇಳಿಬಿಡಬೇಕು. ರಾಬರ್ಟ್ ರಾಡ್ರಿಗಸ್ ಎಂಬ ತರುಣನು 'ಎಲ್ ಮರಿಯಾಚಿ' (1992) ಚಿತ್ರಕ್ಕೆ ಬೇಕಾದ ಸುಮಾರು 7,000 ಡಾಲರಿನಲ್ಲಿ ಒಂದು ಭಾಗವನ್ನು, ಹೊಸ ಔಷಧದ ಪರೀಕ್ಷೆಗೆ ತನ್ನ ಶರೀರವನ್ನು ಒಡ್ಡಿಕೊಂಡು ಗಳಿಸಿದನು. ಅದು ಸಾಹಸವೋ ಅವಿವೇಕವೋ ನಾನು ಹೇಳಲಾರೆ. ಆದರೆ ಶರೀರವು ಅವನದು. ಮುಪ್ಪಿನ ಕಾಲಕ್ಕೆಂದು ತಂದೆ ಕಟ್ಟಿದ ಮನೆ, ತಂಗಿಯ ಮದುವೆಗೆಂದು ಕೂಡಿಟ್ಟ ಹಣ, ಶಾಲೆಗೆ ಹೋಗಬೇಕಾದ ಮಗುವಿನ ವರ್ಷ, ಇವು ಕೊಟ್ಟರೂ ಕೈಯೊಡ್ಡಬಾರದವು. ಹೀಗೆ ನಿಲ್ಲಬಲ್ಲವನ ಚಿತ್ರವು ಎರಡು ವರ್ಷ ತಡವಾದೀತು, ಅಥವಾ ಆಗದೆಯೇ ಹೋದೀತು. ಆಗಲಿ. ಆಗದೆ ಹೋದ ಚಿತ್ರದಿಂದ ಲೋಕಕ್ಕೆ ನಷ್ಟವಿದೆ. ಆ ನಷ್ಟವನ್ನು ಲೋಕವು ಹೊರಬಲ್ಲದು. ಮುದುಕರಾದ ತಂದೆತಾಯಿಗಳು ಮನೆಯ ನಷ್ಟವನ್ನು ಹೊರಲಾರರು.

ಕಡೆಯದಾಗಿ, ನಿರ್ಮಿಸುವವನಿಗೆ ಮಾತ್ರ ಧರ್ಮವನ್ನು ಹೇಳಿ ನೋಡುವವರು ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಅಲ್ಪಧನದ ಒಳ್ಳೆಯ ಚಿತ್ರವೊಂದು ನಮ್ಮೂರಿಗೆ ಬಂದಾಗ ಮೂರು ದಿನ ಖಾಲಿ ಕುರ್ಚಿಗಳೆದುರಿಗೆ ಓಡಿ ಹಿಂದಿರುಗುವುದನ್ನು ನಾವು ಕಂಡಿದ್ದೇವೆ. ಆಮೇಲೆ ಅದಕ್ಕೆ ಪ್ರಶಸ್ತಿ ಬಂದರೆ, 'ನಮ್ಮವರು' ಎಂದು ಸನ್ಮಾನಸಭೆಯನ್ನು ಏರ್ಪಡಿಸಿ ಶಾಲು ಹೊದಿಸುವುದರಲ್ಲಿ ನಾವು ಹಿಂದೆ ಬೀಳುವವರಲ್ಲ. ಹಣ ಕೊಡದೆ ಕದ್ದ ಪ್ರತಿಯನ್ನು ಮನೆಯಲ್ಲಿ ಕುಳಿತು ನೋಡಿ ಕಲಾಭಿಮಾನವನ್ನು ಮೆರೆಯುವ ವಿದ್ಯಾವಂತ ಕುಟುಂಬಗಳೂ ಉಂಟು. ಯಜ್ಞದ ಪ್ರಸಾದವನ್ನುಂಡವನಿಗೆ ದಕ್ಷಿಣೆಯಲ್ಲಿ ಪಾಲಿಲ್ಲವೆಂದು ಯಾರು ಹೇಳಿದರು? ಈ ಪತ್ರಿಕೆಯ ವಾಚಕರು ಮುಂದಿನ ಸಲ ಅಂಥ ಚಿತ್ರವು ಬಂದಾಗ, ಮೊದಲ ದಿನವೇ, ಮನೆಮಂದಿಗೆಲ್ಲ ಚೀಟಿ ಕೊಂಡು ಹೋಗಿ ಕುಳಿತುಕೊಳ್ಳಲಿ. ಚಿತ್ರವು ಮುಗಿದೊಡನೆ ಎದ್ದು ಬರದೆ, ಕೊನೆಯಲ್ಲಿ ಸಣ್ಣ ಅಕ್ಷರಗಳಲ್ಲಿ ಸರಿಯುವ ಹೆಸರುಗಳನ್ನೂ ಓದಲಿ. ಅವರಲ್ಲಿ ಹಲವರಿಗೆ ಆವರೆಗೆ ದೊರೆತ ದಕ್ಷಿಣೆಯು ಅದೊಂದೇ ಆಗಿರಬಹುದು.